ಬೀಳುವುದರ ವಿಜ್ಞಾನ: ಆಟದ ಮೈದಾನದಲ್ಲಿ ಸುರಕ್ಷತೆ



ತೆಂಗಿನ ಮರದಿಂದ ಒಣಗಿದ ಕಾಯಿ ಬೀಳುವುದನ್ನು ನೀವು ನೋಡಿರಬಹುದು. ಮರ ಹತ್ತು ಹದಿನೈದು ಮೀಟರ್ ಎತ್ತರವಿದ್ದರೂ 'ಧೊಪ್' ಎಂದು ಬಿದ್ದ ಕಾಯಿ ಸಾಮಾನ್ಯವಾಗಿ ಒಡೆಯುವುದಿಲ್ಲ. ಅದೇ ಕಾಯಿಯ ಸಿಪ್ಪೆ ಸುಲಿದು ಕಲ್ಲಿನ ಮೇಲೆ ಈಡುಗಾಯಿ ಹೊಡೆದರೆ ಚೂರುಚೂರಾಗುತ್ತದೆ. ಒಳಗಿರುವ ಕರಟ ಎರಡು ಸಲವೂ ಒಂದೇ. ಹಾಗಾದರೆ ಮರದಿಂದ ಬಿದ್ದಾಗ ಅದನ್ನು ಕಾಪಾಡಿದ್ದು ಯಾವುದು?

ಈ ಪ್ರಶ್ನೆಗೆ ಉತ್ತರ ಗೊತ್ತಾದರೆ, ಆಟದ ಮೈದಾನದಲ್ಲಿ ನಿಮ್ಮನ್ನು ಕಾಪಾಡುವುದು ಯಾವುದು ಎಂಬುದೂ ಗೊತ್ತಾಗುತ್ತದೆ. ಈ ಸಂಚಿಕೆಯಲ್ಲಿ ಅದನ್ನೇ ಕಲಿಯೋಣ.

ಬೀಗ ಬಿದ್ದ ಮೈದಾನ

ನಾನು ಶಾಲಾ ಭೇಟಿಗೆಂದು ಹೋಗಿದ್ದ ಒಂದು ಹಳ್ಳಿಯ ಶಾಲೆಯಲ್ಲಿ ನಡೆದ ಸಂಗತಿ ಇದು. ಆರನೇ ತರಗತಿಯ ಹುಡುಗನೊಬ್ಬ ಜಾರುಬಂಡೆಯ ಮೆಟ್ಟಿಲಿನಿಂದ ಬಿದ್ದು ಬಲಗೈ ಮೂಳೆ ಮುರಿದುಕೊಂಡಿದ್ದ. ಕೈಗೆ ಪ್ಲಾಸ್ಟರ್ ಹಾಕಿದ್ದರು. ಬರೆಯಲು ಆಗುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತ ಗೆಳೆಯ ತನ್ನ ನೋಟ್ಸ್ ಜೊತೆಗೆ ಅವನದನ್ನೂ ಬರೆದುಕೊಡುತ್ತಿದ್ದ. ಮುಖ್ಯ ಶಿಕ್ಷಕರು ಹೆದರಿ, ಜಾರುಬಂಡೆ ಇದ್ದ ಅಂಗಳದ ಗೇಟಿಗೆ ಬೀಗ ಹಾಕಿಸಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಆ ಗೇಟಿನ ಕಂಬಿ ಹಿಡಿದು ಒಳಗೆ ನೋಡುತ್ತಾ ನಿಂತಿದ್ದರು.

"ಸರ್, ಇನ್ನು ಮೇಲೆ ನಾವು ಆಡುವ ಹಾಗೇ ಇಲ್ಲವಾ?" ಎಂದು ಒಬ್ಬ ಹುಡುಗಿ ಕೇಳಿದಳು.

ನಾನು ಬೀಗ ತೆಗೆಸಿ ಒಳಗೆ ಹೋಗಿ ನೋಡಿದೆ. ಜಾರುಬಂಡೆ ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಮೆಟ್ಟಿಲಿನ ಕೆಳಗೆ ಹಿಂದೆ ಹಾಕಿದ್ದ ಮರಳು ಮಳೆಗೆ ಕೊಚ್ಚಿಹೋಗಿ, ಕಂಬ ನೆಡಲು ಹಾಕಿದ್ದ ಕಾಂಕ್ರೀಟ್ ಮೇಲೆದ್ದು ಕಾಣುತ್ತಿತ್ತು. ಹುಡುಗ ಬಿದ್ದದ್ದು ಅದರ ಮೇಲೆ. ಹಾಗಾದರೆ ತಪ್ಪು ಆಟದ್ದೋ? ನೆಲದ್ದೋ? ಬನ್ನಿ, ಪರೀಕ್ಷಿಸೋಣ.

ಬೀಳುವಾಗ ಎಷ್ಟು ವೇಗ?

ಭೂಮಿಯ ಗುರುತ್ವಾಕರ್ಷಣೆಯು ಬೀಳುವ ವಸ್ತುವಿನ ವೇಗವನ್ನು ಪ್ರತಿ ಕ್ಷಣವೂ ಹೆಚ್ಚಿಸುತ್ತಾ ಹೋಗುತ್ತದೆ. ಹೆಚ್ಚು ಎತ್ತರದಿಂದ ಬಿದ್ದಷ್ಟೂ ನೆಲ ತಲಪುವಾಗ ವೇಗ ಹೆಚ್ಚಾಗಿರುತ್ತದೆ. ಲೆಕ್ಕ ಹಾಕಿದರೆ ಹೀಗಿದೆ:

ಅರ್ಧ ಮೀಟರ್ ಎತ್ತರದಿಂದ ಬಿದ್ದರೆ: ಗಂಟೆಗೆ ಸುಮಾರು 11 ಕಿ.ಮೀ. ವೇಗ
1 ಮೀಟರ್ ಎತ್ತರದಿಂದ: ಗಂಟೆಗೆ ಸುಮಾರು 16 ಕಿ.ಮೀ.
ಒಂದೂವರೆ ಮೀಟರ್ ಎತ್ತರದಿಂದ: ಗಂಟೆಗೆ ಸುಮಾರು 20 ಕಿ.ಮೀ.
2 ಮೀಟರ್ ಎತ್ತರದಿಂದ: ಗಂಟೆಗೆ ಸುಮಾರು 23 ಕಿ.ಮೀ.

ಚೆನ್ನಾಗಿ ತುಳಿದ ಸೈಕಲ್ ಓಡುವ ವೇಗ ಇದು. 2 ಮೀಟರ್ ಎತ್ತರದ ಜಾರುಬಂಡೆಯ ತುದಿಯಿಂದ ಬೀಳುವುದೆಂದರೆ, ಜೋರಾಗಿ ಓಡುವ ಸೈಕಲ್ ಮೇಲೆ ಕುಳಿತು ಗೋಡೆಗೆ ಗುದ್ದಿದ ಹಾಗೆ. ಹೀಗೆ ಬೀಳಲು ಬೇಕಾಗುವ ಸಮಯ ಕೇವಲ 0.64 ಸೆಕೆಂಡು. 'ಅಯ್ಯೋ' ಎನ್ನುವುದರೊಳಗೆ ನೆಲ ಬಂದಿರುತ್ತದೆ. "ಬೀಳುವಾಗ ಏನಾದರೂ ಹಿಡಿದುಕೊಂಡರಾಯಿತು" ಎಂದು ನಂಬಿ ಕೂರಲು ಆಗುವುದಿಲ್ಲ.

ಪೆಟ್ಟು ಕೊಡುವುದು ಬೀಳುವುದಲ್ಲ, ನಿಲ್ಲುವುದು

ಇಲ್ಲಿ ಒಂದು ಮುಖ್ಯ ವಿಷಯ ಗಮನಿಸಿ. ಗಾಳಿಯಲ್ಲಿ ಬೀಳುತ್ತಿರುವಾಗ ನಮಗೆ ನೋವಾಗುವುದಿಲ್ಲ. ನೆಲ ನಮ್ಮನ್ನು ತಡೆದು ನಿಲ್ಲಿಸುವಾಗ ಪೆಟ್ಟಾಗುತ್ತದೆ. ತಟ್ಟನೆ ನಿಂತರೆ ಪೆಟ್ಟು ದೊಡ್ಡದು. ನಿಧಾನವಾಗಿ ನಿಂತರೆ ಪೆಟ್ಟು ಸಣ್ಣದು.

ಕ್ರಿಕೆಟ್ ಆಡುವಾಗ ಕ್ಯಾಚ್ ಹಿಡಿಯುವವರನ್ನು ನೋಡಿ. ಚೆಂಡು ಕೈಗೆ ಬಂದ ಕೂಡಲೇ ಅವರು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಚೆಂಡು ನಿಲ್ಲಲು ಸ್ವಲ್ಪ ದೂರ ಸಿಗುತ್ತದೆ. ಕೈ ಉರಿಯುವುದಿಲ್ಲ. ತೆಂಗಿನಕಾಯಿಯ ನಾರಿನ ಸಿಪ್ಪೆ ಮಾಡುವುದೂ ಇದನ್ನೇ. ಕಾಯಿ ನೆಲಕ್ಕೆ ಬಡಿದಾಗ ಮೊದಲು ಸಿಪ್ಪೆ ಅಮುಕಿಕೊಳ್ಳುತ್ತದೆ. ಅಷ್ಟು ದೂರದಲ್ಲಿ ಒಳಗಿನ ಕರಟ ನಿಧಾನವಾಗಿ ನಿಲ್ಲುತ್ತದೆ. ಸಿಪ್ಪೆ ಇಲ್ಲದ ಕರಟಕ್ಕೆ ಆ ಅವಕಾಶವಿಲ್ಲ.

ಇದಕ್ಕೊಂದು ಸುಲಭ ಲೆಕ್ಕವಿದೆ. ಬಿದ್ದ ಎತ್ತರವನ್ನು, ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. ಬರುವ ಉತ್ತರವು ನಿಮ್ಮ ತೂಕದ ಸುಮಾರು ಎಷ್ಟು ಪಟ್ಟು ಬಲ ನಿಮ್ಮ ಮೇಲೆ ಬೀಳುತ್ತದೆ ಎಂಬುದನ್ನು ತಿಳಿಸುತ್ತದೆ.

ಒಂದೂವರೆ ಮೀಟರ್, ಅಂದರೆ 150 ಸೆಂ.ಮೀ. ಎತ್ತರದಿಂದ ಬಿದ್ದಿರಿ ಎನ್ನಿ. ಸಿಮೆಂಟ್ ನೆಲ ಅಮುಕಿಕೊಳ್ಳುವುದಿಲ್ಲ. ನಮ್ಮ ಚರ್ಮ, ಮಾಂಸ ಅಮುಕಿ 1 ಸೆಂ.ಮೀ. ದೂರದಲ್ಲಿ ನಿಂತರೆ, 150 ÷ 1 = 150 ಪಟ್ಟು. ಸಡಿಲವಾದ ಮರಳಿನಲ್ಲಿ ಹೂತು 10 ಸೆಂ.ಮೀ. ದೂರದಲ್ಲಿ ನಿಂತರೆ, 150 ÷ 10 = 15 ಪಟ್ಟು. ಎತ್ತರ ಅದೇ, ಮಗು ಅದೇ, ವೇಗವೂ ಅದೇ. ನೆಲ ಬದಲಾದದ್ದರಿಂದ ಪೆಟ್ಟು ಹತ್ತನೇ ಒಂದು ಭಾಗಕ್ಕೆ ಇಳಿಯಿತು!

ಎತ್ತರದಿಂದ ಜಿಗಿಯುವಾಗ ಮಂಡಿ ಮಡಚಬೇಕು ಎಂದು ದೈಹಿಕ ಶಿಕ್ಷಕರು ಹೇಳುವುದೂ ಇದಕ್ಕಾಗಿಯೇ. ಮಂಡಿ ಮಡಚಿದರೆ ದೇಹಕ್ಕೆ ನಿಲ್ಲಲು 30–40 ಸೆಂ.ಮೀ. ದೂರ ಸಿಗುತ್ತದೆ. ಕಾಲನ್ನು ಕೋಲಿನಂತೆ ಸೆಟೆದು ನೆಲಕ್ಕಿಟ್ಟರೆ ಪೆಟ್ಟು ಹಿಮ್ಮಡಿಯಿಂದ ಬೆನ್ನುಮೂಳೆಯವರೆಗೆ ಹೋಗುತ್ತದೆ.

ಚಟುವಟಿಕೆ 1: ಜೇಡಿಮಣ್ಣಿನ ಉಂಡೆ ಏನು ಹೇಳುತ್ತದೆ?

ಬೇಕಾಗುವ ಸಾಮಗ್ರಿಗಳು: ಮೆತ್ತಗೆ ಕಲಸಿದ ಜೇಡಿಮಣ್ಣು, ಅಳತೆ ಪಟ್ಟಿ, ಒಣ ಮರಳು ತುಂಬಿದ ಬಕೆಟ್, ಸಿಮೆಂಟ್ ನೆಲ.

ವಿಧಾನ: ನಿಂಬೆಹಣ್ಣಿನ ಗಾತ್ರದ ಆರು ಉಂಡೆಗಳನ್ನು ಮಾಡಿ. ಎಲ್ಲವೂ ಒಂದೇ ಗಾತ್ರ, ಒಂದೇ ಹದದಲ್ಲಿರಲಿ. ಮೂರು ಉಂಡೆಗಳನ್ನು ಕ್ರಮವಾಗಿ 50, 100 ಮತ್ತು 150 ಸೆಂ.ಮೀ. ಎತ್ತರದಿಂದ ಸಿಮೆಂಟ್ ನೆಲಕ್ಕೆ ಬೀಳಬಿಡಿ. ಎಸೆಯಬೇಡಿ, ಸುಮ್ಮನೆ ಕೈಬಿಡಿ. ಪ್ರತಿ ಉಂಡೆಯ ಚಪ್ಪಟೆಯಾದ ಭಾಗದ ಅಗಲವನ್ನು ಅಳೆದು ಬರೆದುಕೊಳ್ಳಿ.

ಉಳಿದ ಮೂರು ಉಂಡೆಗಳನ್ನು 150 ಸೆಂ.ಮೀ. ಎತ್ತರದಿಂದಲೇ ಬೀಳಬಿಡಿ. ಒಂದನ್ನು ತುಳಿದು ಗಟ್ಟಿಯಾದ ಅಂಗಳದ ಮಣ್ಣಿನ ಮೇಲೆ, ಇನ್ನೊಂದನ್ನು ಬಕೆಟ್ಟಿನಲ್ಲಿ ಒತ್ತಿ ಗಟ್ಟಿ ಮಾಡಿದ ಮರಳಿನ ಮೇಲೆ, ಕೊನೆಯದನ್ನು ಕೈಯಾಡಿಸಿ ಸಡಿಲ ಮಾಡಿದ ಮರಳಿನ ಮೇಲೆ. ಮತ್ತೆ ಅಳೆಯಿರಿ.

ವೀಕ್ಷಣೆ: ಸಿಮೆಂಟ್ ನೆಲದಲ್ಲಿ ಎತ್ತರ ಹೆಚ್ಚಿದಂತೆ ಉಂಡೆ ಹೆಚ್ಚು ಚಪ್ಪಟೆಯಾಗುತ್ತದೆ. ಸಡಿಲ ಮರಳಿನಲ್ಲಿ ಉಂಡೆಯ ಆಕಾರ ಅಷ್ಟಾಗಿ ಕೆಡುವುದಿಲ್ಲ. ಬದಲಿಗೆ ಮರಳಿನಲ್ಲಿ ಗುಳಿ ಬೀಳುತ್ತದೆ. ಗಟ್ಟಿ ಮಣ್ಣಿನ ಮೇಲೆ ಬಿದ್ದ ಉಂಡೆಯನ್ನು ಎರಡರ ಜೊತೆಗೂ ಹೋಲಿಸಿ ನೋಡಿ. ಅದು ಯಾವುದಕ್ಕೆ ಹತ್ತಿರವಾಗಿದೆ?

ತೀರ್ಮಾನ: ಬೀಳುವ ವಸ್ತುವಿನ ಆಘಾತವನ್ನು ನೆಲ ತಾನು ತೆಗೆದುಕೊಂಡರೆ ವಸ್ತು ಉಳಿಯುತ್ತದೆ. ನೆಲ ತೆಗೆದುಕೊಳ್ಳದಿದ್ದರೆ ವಸ್ತುವೇ ತೆಗೆದುಕೊಳ್ಳಬೇಕಾಗುತ್ತದೆ. ಮರಳು ಇದ್ದರಷ್ಟೇ ಸಾಲದು, ಅದು ಸಡಿಲವಾಗಿರಬೇಕು. ಸಡಿಲ ಮರಳಿನ ಕಣಗಳು ಒಂದರ ಪಕ್ಕದಲ್ಲೊಂದು ಸರಿದು ಜಾಗ ಕೊಡುತ್ತವೆ. ತುಳಿದು ಗಟ್ಟಿಯಾದರೆ ಸರಿಯಲು ಜಾಗವೇ ಇರುವುದಿಲ್ಲ.

ನಮ್ಮ ಹಿರಿಯರಿಗೂ ಇದು ಗೊತ್ತಿತ್ತು

ಗರಡಿ ಮನೆಯಲ್ಲಿ ಕುಸ್ತಿಗೆ ಮೊದಲು ಪೈಲ್ವಾನರು ಗುದ್ದಲಿ ಹಿಡಿದು ಮಣ್ಣನ್ನು ಅಗೆದು, ಹುಡಿ ಮಾಡಿ, ಹದಗೊಳಿಸುತ್ತಾರೆ. ಎತ್ತಿ ಕೆಡವಿದರೂ ಬೆನ್ನು ಉಳಿಯಬೇಕಲ್ಲವೇ? ಉದ್ದ ಜಿಗಿತದ ಗುಂಡಿಯಲ್ಲಿ ಸ್ಪರ್ಧೆಗೆ ಮೊದಲು ಮರಳನ್ನು ಕೆದಕುವುದೂ ಇದಕ್ಕೇ.

ಎತ್ತರ ಜಿಗಿತದ ಕಥೆ ಇನ್ನೂ ಸ್ವಾರಸ್ಯಕರ. ಹಿಂದೆ ಜಿಗಿತಗಾರರು ಮರಳಿನ ಅಥವಾ ಮರದ ಪುಡಿಯ ಗುಂಡಿಗೆ ಬೀಳುತ್ತಿದ್ದರು. ಆದ್ದರಿಂದ ಕಾಲಿನ ಮೇಲೆ ಇಳಿಯುವುದು ಅವರಿಗೆ ಒಳ್ಳೆಯದಾಗಿತ್ತು. ದಪ್ಪನೆಯ ಸ್ಪಂಜಿನ ಹಾಸಿಗೆ ಬಂದ ಮೇಲೆ ಬೆನ್ನಿನ ಮೇಲೆ ಬಿದ್ದರೂ ಅಪಾಯವಿಲ್ಲದಂತಾಯಿತು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡಿಕ್ ಫಾಸ್ಬರಿ ಬೆನ್ನನ್ನು ಕೆಳಗೆ ಮಾಡಿ ಹಾರಿ, 2.24 ಮೀಟರ್ ಎತ್ತರ ದಾಟಿ ಚಿನ್ನದ ಪದಕ ಗೆದ್ದರು. ಬೀಳುವ ಜಾಗ ಮೆತ್ತಗಾದದ್ದರಿಂದ ಇನ್ನೂ ಎತ್ತರಕ್ಕೆ ಹಾರುವ ಹೊಸ ವಿಧಾನವೇ ಹುಟ್ಟಿತು! ಸುರಕ್ಷತೆ ಆಟವನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಮಕ್ಕಳ ದೇಹ ದೊಡ್ಡವರ ದೇಹದಂತಲ್ಲ

ಹುಟ್ಟಿದ ಮಗುವಿನ ತಲೆ ಅದರ ದೇಹದ ಉದ್ದದ ನಾಲ್ಕನೇ ಒಂದು ಭಾಗದಷ್ಟಿರುತ್ತದೆ. ದೊಡ್ಡವರಲ್ಲಿ ಅದು ಸುಮಾರು ಎಂಟನೇ ಒಂದು ಭಾಗ. ಅಂದರೆ ಒಂದನೇ, ಎರಡನೇ ತರಗತಿಯ ಪುಟಾಣಿಗಳಿಗೆ ದೇಹಕ್ಕೆ ಹೋಲಿಸಿದರೆ ತಲೆ ಭಾರ. ಬಗ್ಗಿ ನೋಡಿದರೆ ಮುಗ್ಗರಿಸುವುದು ಸುಲಭ.

ಚಿಕ್ಕವರ ತಲೆ ದೊಡ್ಡದಾಗಿರುವುದರಿಂದ ಇನ್ನೊಂದು ಅಪಾಯವೂ ಇದೆ. ಕಂಬಿಗಳ ನಡುವೆ ಕಾಲು ಮುಂದಾಗಿ ದೇಹ ತೂರಿಸಿದರೆ ದೇಹ ಹೋಗುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಆಟದ ಸಾಮಾನುಗಳಲ್ಲಿ ಕಂಬಿಗಳ ನಡುವಿನ ಸಂದು 9 ಸೆಂ.ಮೀ.ಗಿಂತ ಕಡಿಮೆ ಇರಬೇಕು ಅಥವಾ 23 ಸೆಂ.ಮೀ.ಗಿಂತ ಹೆಚ್ಚಿರಬೇಕು ಎಂಬ ನಿಯಮವಿದೆ.

ಬೀಳುವಾಗ ನಾವು ತಾನಾಗಿಯೇ ಕೈ ಚಾಚುತ್ತೇವೆ. ಅದರಿಂದ ಮಣಿಕಟ್ಟು, ಮುಂಗೈ, ಮೊಣಕೈಗಳಿಗೆ ಪೆಟ್ಟಾಗುವುದು ಹೆಚ್ಚು. ಬೇವಿನ ಮರದ ಒಣ ಕಡ್ಡಿ ಬಗ್ಗಿಸಿದರೆ 'ಟಪ್' ಎಂದು ಎರಡಾಗುತ್ತದೆ. ಹಸಿ ಕಡ್ಡಿ ಒಂದು ಪಕ್ಕ ಸೀಳಿ, ಇನ್ನೊಂದು ಪಕ್ಕ ಬಾಗಿಕೊಂಡಿರುತ್ತದೆ. ಮಕ್ಕಳ ಮೂಳೆ ಹಸಿ ಕಡ್ಡಿಯ ಹಾಗೆ. ಸೀಳಿದ್ದರೂ ಹೊರಗೆ ಗೊತ್ತಾಗದೇ ಇರಬಹುದು. ಮೂಳೆಯ ತುದಿಗಳ ಬಳಿ, ಉದ್ದ ಬೆಳೆಯುವ ಮೆದು ಭಾಗವೂ ಇರುತ್ತದೆ. ಅದಕ್ಕೆ ಪೆಟ್ಟಾಗಿ ಸರಿಯಾಗಿ ಕೂಡದಿದ್ದರೆ ಮೂಳೆ ಸೊಟ್ಟಗೆ ಬೆಳೆಯಬಹುದು. ಆದ್ದರಿಂದ ಊದಿದ ಕೈಗೆ ಎಣ್ಣೆ ಹಚ್ಚಿ ನೀವುವುದು, ಎಳೆಯುವುದು ಬೇಡ. ಎಕ್ಸ್‌-ರೇ ತೆಗೆಸಬೇಕು.

ಉಯ್ಯಾಲೆ ಮತ್ತು ಜಾರುಬಂಡೆ

ನಾಗರ ಪಂಚಮಿಗೆ ಉತ್ತರ ಕರ್ನಾಟಕದ ಊರುಗಳಲ್ಲಿ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಜೀಕಿದಾಗ ಹಲಗೆ ಕೆಳಗಿನ ಸ್ಥಾನಕ್ಕಿಂತ 1 ಮೀಟರ್ ಮೇಲೇರಿದರೆ, ಮರಳಿ ಕೆಳಗೆ ಬರುವಾಗ ಅದರ ವೇಗ ಗಂಟೆಗೆ ಸುಮಾರು 16 ಕಿ.ಮೀ. ಮೇಲಿನ ಪಟ್ಟಿ ನೋಡಿ, 1 ಮೀಟರ್ ನೇರವಾಗಿ ಬಿದ್ದಾಗಲೂ ಅದೇ ವೇಗ! ಮರದ ಹಲಗೆ, ಅದರ ಮೇಲೆ ಕುಳಿತವರ ತೂಕ ಸೇರಿ ಅಷ್ಟು ವೇಗದಲ್ಲಿ ಬರುವಾಗ ಅಡ್ಡ ಬಂದ ಪುಟ್ಟ ಮಗುವಿನ ತಲೆಗೆ ಬಡಿದರೆ ಏನಾದೀತು ಯೋಚಿಸಿ. ಉಯ್ಯಾಲೆ ತೂಗುಹಾಕಿದ ಕಂಬಿಯ ಎತ್ತರದ ಎರಡರಷ್ಟು ಜಾಗ ಮುಂದೆಯೂ ಹಿಂದೆಯೂ ಖಾಲಿ ಇರಬೇಕು. ಕಂಬಿ 2 ಮೀಟರ್ ಎತ್ತರದಲ್ಲಿದ್ದರೆ ಮುಂದೆ 4 ಮೀಟರ್, ಹಿಂದೆ 4 ಮೀಟರ್. ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆಯಿರಿ. ಗೆರೆಯೊಳಗೆ ಯಾರೂ ನಿಲ್ಲಬಾರದು.

ಜಾರುಬಂಡೆಯಲ್ಲಿ ಅಕ್ಕಂದಿರು, ಅಣ್ಣಂದಿರು ತಮ್ಮನನ್ನೋ ತಂಗಿಯನ್ನೋ ತೊಡೆಯ ಮೇಲೆ ಕೂರಿಸಿಕೊಂಡು ಜಾರುವುದುಂಟು. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಚಿಕ್ಕ ಮಗುವಿನ ಪಾದ ಪಕ್ಕದ ಅಂಚಿಗೆ ಸಿಕ್ಕಿಕೊಂಡರೆ, ಜಡತ್ವದಿಂದಾಗಿ ಇಬ್ಬರ ದೇಹವೂ ಕೆಳಗೆ ಸಾಗುತ್ತಲೇ ಇರುತ್ತದೆ. ಆ ಎಲ್ಲ ಬಲ ಪುಟ್ಟ ಕಾಲಿನ ಮೇಲೆ ಬಿದ್ದು ಮೂಳೆ ಮುರಿಯುತ್ತದೆ. ಚಿಕ್ಕವರು ಒಬ್ಬರೇ ಜಾರಲಿ, ನೀವು ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಬೇಸಿಗೆಯಲ್ಲಿ ತಗಡಿನ ಜಾರುಬಂಡೆ ಕಾದ ಬಾಣಲೆಯಂತಾಗುತ್ತದೆ. ಕೂರುವ ಮುನ್ನ ಮುಂಗೈಯ ಹಿಂಭಾಗದಿಂದ ಮುಟ್ಟಿ ನೋಡಿ. ಕೈ ಇಡಲಾಗದಿದ್ದರೆ ಸಂಜೆಯವರೆಗೆ ಅದನ್ನು ಬಿಟ್ಟು ಬೇರೆ ಆಟ ಆಡಿ.

ಚಟುವಟಿಕೆ 2: ನಮ್ಮ ಮೈದಾನದ ತನಿಖೆ

ಐದೈದು ಮಕ್ಕಳ ಗುಂಪು ಮಾಡಿಕೊಳ್ಳಿ. ಶಿಕ್ಷಕರೊಂದಿಗೆ ಮೈದಾನವನ್ನೆಲ್ಲಾ ಸುತ್ತಿ, ನಕ್ಷೆ ಬರೆದು, ಅಪಾಯವಿರುವಲ್ಲಿ ಕೆಂಪು ಚುಕ್ಕೆ ಇಡಿ. ಗಮನಿಸಬೇಕಾದ ಅಂಶಗಳು:

1. ಜಾರುಬಂಡೆ, ಉಯ್ಯಾಲೆಗಳ ಕೆಳಗೆ ಮರಳಿದೆಯೇ? ಅಳತೆ ಪಟ್ಟಿ ಚುಚ್ಚಿ ಆಳ ನೋಡಿ. ಸುಮಾರು 1.2 ಮೀಟರ್ ಎತ್ತರದವರೆಗಿನ ಸಾಮಾನಿಗೆ 23 ಸೆಂ.ಮೀ. ಆಳದ ಮರಳು ಬೇಕು ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿ ಹೇಳುತ್ತದೆ. ಬರಿ ಮಣ್ಣು, ಹುಲ್ಲು ಎರಡನ್ನೂ ಅದು ಸುರಕ್ಷಿತ ನೆಲವೆಂದು ಒಪ್ಪುವುದಿಲ್ಲ.
2. ಸಾಮಾನಿನ ಸುತ್ತ 1.8 ಮೀಟರ್ ಜಾಗದಲ್ಲಿ ಕಲ್ಲು, ಬೇರು, ಗೋಡೆ, ಕಾಂಕ್ರೀಟ್ ಇದೆಯೇ?
3. ಸಡಿಲ ಬೋಲ್ಟ್, ತುಕ್ಕು ಹಿಡಿದ ಕಂಬಿ, ಹೊರಚಾಚಿದ ಮೊಳೆ, ಸವೆದ ಸರಪಳಿ ಇವೆಯೇ?
4. ಗೋಲಿನ ಕಂಬಗಳು ನೆಲದಲ್ಲಿ ಭದ್ರವಾಗಿ ನೆಟ್ಟಿವೆಯೇ? ಸುಮ್ಮನೆ ನಿಲ್ಲಿಸಿದ ಕಬ್ಬಿಣದ ಚೌಕಟ್ಟಿಗೆ ಜೋತುಬಿದ್ದರೆ ಅದು ಮೈಮೇಲೆ ಉರುಳುತ್ತದೆ.
5. ಖೋ-ಖೋ ಕಂಬ ನುಣುಪಾಗಿದೆಯೇ? ಕಬಡ್ಡಿ ಅಂಕಣದಲ್ಲಿ ಕಲ್ಲು, ಗಾಜಿನ ಚೂರು ಇವೆಯೇ?
6. ಚಿನ್ನಿದಾಂಡು ಆಡುವ ಜಾಗದ ಮುಂದೆ ಚಿಕ್ಕವರು ಕೂರುತ್ತಾರೆಯೇ? ಹಾರಿ ಬರುವ ಚಿನ್ನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.
7. ಹತ್ತುವ, ಜಾರುವ ಆಟ ಆಡುವಾಗ ವೇಲ್, ಗುರುತಿನ ಚೀಟಿಯ ದಾರ ಕೊರಳಲ್ಲಿದೆಯೇ? ಅದು ಕಂಬಿಗೆ ಸಿಕ್ಕಿಕೊಂಡರೆ ಉರುಳಾಗುತ್ತದೆ. ತೆಗೆದಿಟ್ಟು ಆಡಿ.

ತುಕ್ಕು ಹಿಡಿದ ಕಂಬಿ, ಗಾಜನ್ನು ನೀವೇ ಮುಟ್ಟಿ ತೆಗೆಯಬೇಡಿ. ದೊಡ್ಡವರಿಗೆ ತೋರಿಸಿ. ನಕ್ಷೆಯನ್ನು ಶಾಲಾ ಸಂಸತ್ತಿನಲ್ಲಿ ಚರ್ಚಿಸಿ, ಮುಖ್ಯ ಶಿಕ್ಷಕರ ಮೂಲಕ ಎಸ್.ಡಿ.ಎಂ.ಸಿ.ಗೆ ಕೊಡಿ. ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ ಶಾಲೆಗೆ ಆಟದ ಮೈದಾನ ಇರಬೇಕು. ಅದು ಸುರಕ್ಷಿತವಾಗಿರಲಿ ಎಂದು ಕೇಳುವುದು ತಪ್ಪಲ್ಲ.

ಪೆಟ್ಟಾದರೆ ಏನು ಮಾಡಬೇಕು?

ಎಷ್ಟೇ ಎಚ್ಚರದಿಂದಿದ್ದರೂ ಕೆಲವೊಮ್ಮೆ ಬೀಳುತ್ತೇವೆ. ಮೊದಲು ಶಿಕ್ಷಕರನ್ನು ಕರೆಯಿರಿ. ಬೈಯುತ್ತಾರೆಂದು ಹೆದರಿ ಮುಚ್ಚಿಡಬೇಡಿ.

ತರಚು ಗಾಯ: ಶುದ್ಧ ನೀರು, ಸೋಪಿನಿಂದ ತೊಳೆಯಿರಿ. ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕಾಫಿ ಪುಡಿ, ಮಣ್ಣು, ಸೊಪ್ಪಿನ ರಸ ಹಾಕಬೇಡಿ. 10 ಮತ್ತು 16ನೇ ವಯಸ್ಸಿನಲ್ಲಿ ಕೊಡುವ ಧನುರ್ವಾಯು, ಗಂಟಲಮಾರಿ ರೋಗಗಳ ಲಸಿಕೆಯನ್ನು ತಪ್ಪದೆ ಹಾಕಿಸಿಕೊಳ್ಳಿ.

ಮೂಗಿನಿಂದ ರಕ್ತ: ಕುಳಿತು ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೆದು ಭಾಗವನ್ನು 10 ನಿಮಿಷ ಹಿಡಿದಿರಿ. ತಲೆಯನ್ನು ಹಿಂದಕ್ಕೆ ಎತ್ತಿದರೆ ರಕ್ತ ಗಂಟಲಿಗೆ ಇಳಿಯುತ್ತದೆ.

ಹಲ್ಲು ಕಿತ್ತು ಬಂದರೆ: ಹಾಲುಹಲ್ಲಾದರೆ ಮತ್ತೆ ಕೂರಿಸುವುದಿಲ್ಲ. ಶಾಶ್ವತ ಹಲ್ಲಾದರೆ ಬೇರಿನ ಭಾಗ ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ದಂತವೈದ್ಯರ ಬಳಿ ಒಯ್ಯಿರಿ. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಹಲ್ಲು ಮತ್ತೆ ಕೂಡುವ ಸಾಧ್ಯತೆಯಿದೆ.

ಕೈ, ಕಾಲು ಊದಿದರೆ: ಅಲುಗಾಡಿಸದಂತೆ ಪಟ್ಟಿ ಅಥವಾ ಮಡಚಿದ ದಿನಪತ್ರಿಕೆಯ ಆಸರೆ ಕೊಟ್ಟು ಬಟ್ಟೆಯಿಂದ ಕಟ್ಟಿ, ಆಸ್ಪತ್ರೆಗೆ ಕರೆದೊಯ್ಯಬೇಕು.

ಕಣ್ಣಿಗೆ ಪೆಟ್ಟು: ಉಜ್ಜಬೇಡಿ, ಒತ್ತಬೇಡಿ. ತಕ್ಷಣ ವೈದ್ಯರಿಗೆ ತೋರಿಸಬೇಕು.

ತಲೆಗೆ ಪೆಟ್ಟು: ಇದು ಎಲ್ಲಕ್ಕಿಂತ ಮುಖ್ಯ. ತಲೆಬುರುಡೆಯೊಳಗೆ ಮೆದುಳು ದ್ರವದಲ್ಲಿ ತೇಲುವಂತಿರುತ್ತದೆ. ಹೊರಗೆ ಗಾಯವಿಲ್ಲದಿದ್ದರೂ ಒಳಗೆ ಪೆಟ್ಟಾಗಿರಬಹುದು. ಎಚ್ಚರ ತಪ್ಪುವುದು, ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ವಿಪರೀತ ನಿದ್ದೆಮಂಪರು, ತೊದಲು ಮಾತು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರು ಸೋರುವುದು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಈ ಲಕ್ಷಣಗಳು ಕೆಲವು ಗಂಟೆಗಳ ನಂತರವೂ ಕಾಣಿಸಬಹುದು. ಆದ್ದರಿಂದ "ಇವತ್ತು ಶಾಲೆಯಲ್ಲಿ ಬಿದ್ದೆ" ಎಂದು ಮನೆಯಲ್ಲಿ ಹೇಳಲೇಬೇಕು. ಕುತ್ತಿಗೆ, ಬೆನ್ನಿಗೆ ಪೆಟ್ಟಾದವರನ್ನು ಎಬ್ಬಿಸಿ ಕೂರಿಸಬೇಡಿ, ಹಾಗೆಯೇ ಮಲಗಿಸಿರಿ.

ಬೀಗ ತೆರೆಯಿತು

ಮೊದಲು ಹೇಳಿದ ಶಾಲೆಗೆ ಮರಳೋಣ. ಜೇಡಿಮಣ್ಣಿನ ಉಂಡೆಗಳ ಪ್ರಯೋಗವನ್ನು ನಾವು ಮಾಡಿದ್ದು ಆ ಗೇಟಿನ ಮುಂದೆಯೇ. ಕಾಂಕ್ರೀಟಿನ ಮೇಲೆ ಬಿದ್ದ ಉಂಡೆಯನ್ನೂ ಮರಳಿನಲ್ಲಿ ಬಿದ್ದ ಉಂಡೆಯನ್ನೂ ಮುಖ್ಯ ಶಿಕ್ಷಕರು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಎಸ್.ಡಿ.ಎಂ.ಸಿ. ಸಭೆಗೂ ಅವನ್ನೇ ಒಯ್ದರು. ಒಂದು ತಿಂಗಳೊಳಗೆ ಟ್ರ್ಯಾಕ್ಟರಿನಲ್ಲಿ ಮರಳು ಬಂತು. ಊರಿನವರು ಕಾಂಕ್ರೀಟಿನ ಮೇಲ್ಭಾಗ ಒಡೆದು ಮರಳು ತುಂಬಿ, ಅದು ಹರಿದುಹೋಗದಂತೆ ಸುತ್ತ ಹಳೆಯ ಟೈರುಗಳನ್ನು ಹೂತರು. ಪ್ರತಿ ಶನಿವಾರ ಮರಳನ್ನು ಕೆದಕಿ ಸಡಿಲ ಮಾಡುವ ಸರದಿಯನ್ನು ಮಕ್ಕಳೇ ಹಾಕಿಕೊಂಡರು. ಮೊದಲ ಶನಿವಾರದ ಸರದಿ ಕೇಳಿ ಪಡೆದವನು, ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದಿದ್ದ ಆ ಹುಡುಗ. ವೈದ್ಯರು ಭಾರದ ಕೆಲಸ ಬೇಡವೆಂದಿದ್ದರಿಂದ ಅವನು ಅಳತೆ ಪಟ್ಟಿ ಹಿಡಿದು ಮರಳಿನ ಆಳ ನೋಡುವ ಕೆಲಸ ವಹಿಸಿಕೊಂಡ.

ಬೀಳುವ ಭಯದಿಂದ ಆಟ ಬಿಡಬೇಡಿ. ಓಡಿ, ಹತ್ತಿ, ಜೀಕಿ, ಜಿಗಿಯಿರಿ. ಆದರೆ ಹತ್ತುವ ಮೊದಲು ಒಮ್ಮೆ ಕೆಳಗೆ ನೋಡಿ: ಬಿದ್ದರೆ ಎಲ್ಲಿ ಬೀಳುತ್ತೇನೆ?

ಯೋಚಿಸಿ ಉತ್ತರಿಸಿ

1. 2 ಮೀಟರ್ ಎತ್ತರದಿಂದ ಬಿದ್ದ ಮಗು 20 ಸೆಂ.ಮೀ. ದೂರದಲ್ಲಿ ನಿಂತರೆ, ಅದರ ತೂಕದ ಸುಮಾರು ಎಷ್ಟು ಪಟ್ಟು ಬಲ ಬೀಳುತ್ತದೆ? 2 ಸೆಂ.ಮೀ. ದೂರದಲ್ಲಿ ನಿಂತರೆ?
2. ಎತ್ತರ ಅರ್ಧ ಮೀಟರಿನಿಂದ 2 ಮೀಟರಿಗೆ, ಅಂದರೆ ನಾಲ್ಕು ಪಟ್ಟಾದಾಗ ವೇಗ ಎಷ್ಟು ಪಟ್ಟಾಯಿತು? ಪಟ್ಟಿ ನೋಡಿ ಹೇಳಿ.
3. ಮಳೆಗಾಲ ಮುಗಿದ ಕೂಡಲೇ ಜಾರುಬಂಡೆಯ ಕೆಳಗಿನ ಮರಳನ್ನು ಏಕೆ ಪರೀಕ್ಷಿಸಬೇಕು? ಎರಡು ಕಾರಣ ಕೊಡಿ.
4. ಭತ್ತದ ಹೊಟ್ಟು, ತೆಂಗಿನ ನಾರು, ಮರದ ಪುಡಿ ಇವುಗಳಲ್ಲಿ ಜೇಡಿಮಣ್ಣಿನ ಉಂಡೆಯನ್ನು ಚೆನ್ನಾಗಿ ಕಾಪಾಡುವುದು ಯಾವುದು? ಚಟುವಟಿಕೆ 1ರಂತೆ ನೀವೇ ಪ್ರಯೋಗ ಮಾಡಿ, ನಿಮ್ಮ ಅಳತೆಗಳನ್ನು ತರಗತಿಯ ಗೋಡೆಪತ್ರಿಕೆಯಲ್ಲಿ ಹಾಕಿ.